ದಾಸವಾಳ ಕೀಳದ ಬೆಳಿಗ್ಗೆ

ಕಾಕೂ ಅವರ ಸೊಂಟದಲ್ಲಿ ಕೀಲಿಕೈ ಗೊಂಚಲಿನ ಬದಲು ಟೊಂಗೆ ಸವರುವ ಕತ್ತರಿ ತೂಗುತ್ತಿತ್ತು. ಅದರ ತುಕ್ಕಿನಿಂದ ಸೀರೆಯ ಒಂದು ಮಗ್ಗುಲೆಲ್ಲ ಕಂದು ಕಲೆ. ಸಂಬಂಧದಲ್ಲಿ ಅವರು ನನಗೆ ಏನೂ ಅಲ್ಲ. ಧಾರವಾಡದ ಕಡೆಯವರು, ನಮ್ಮ ಗೋಡೆಗೆ ಹತ್ತಿದ ಮನೆಯವರು, ಅಷ್ಟೇ. ಖಡಕಿ ಪುಣೆಯೊಳಗೇ ಇದ್ದರೂ ನಮ್ಮ ಓಣಿ ಒಂದು ಸಣ್ಣ ಊರು. ಯಾರ ಮನೆಯ ಕುಕ್ಕರ್ ಎಷ್ಟು ಸಲ ಕೂಗಿತೆಂದು ಎಲ್ಲರಿಗೂ ಗೊತ್ತು. ಕಾಕೂಗೆ ಸ್ವಲ್ಪ ಹೆಚ್ಚೇ ಗೊತ್ತು. ಕಳುವಾದ ಸೈಕಲ್ಲು, ಓಡಿಹೋದ ನಾಯಿ, ಯಾರದೋ ಬಾಗಿಲಿಗೆ ಯಾರೋ ಸುರಿದ ಕಸ, ಎಲ್ಲದರ ಪತ್ತೆಯೂ ಅವರ ಅಂಗಳದಲ್ಲೇ ಆಗುತ್ತಿತ್ತು. ಹೇಗೆಂದು ಕೇಳಿದರೆ, "ನನಗೇನ ಕೆಲಸ ಅದ? ಗಿಡಕ್ಕ ನೀರು ಹಾಕ್ಕೋತ ನೋಡ್ಕೋತ ನಿಂತಿರ್ತೀನಿ" ಎನ್ನುತ್ತಿದ್ದರು.

ಅವರ ಕಾಂಪೌಂಡಿನ ಕೆಂಪು ದಾಸವಾಳಕ್ಕೆ ಓಣಿಯ ಅರ್ಧ ದೇವರುಗಳು ಕಾಯುತ್ತಿದ್ದವು. ಬೆಳಗಾಗುತ್ತಲೇ ಕ್ಯಾರಿಬ್ಯಾಗ್ ಹಿಡಿದು ಬರುವವರನ್ನು ಬೈಯುತ್ತಲೇ, ಯಾರಿಗೆ ಯಾವ ಟೊಂಗೆ ಎಂದು ಬಿಟ್ಟುಕೊಟ್ಟಿದ್ದರು. ರಸ್ತೆಯ ಕಡೆ ಬಾಗಿದ ಟೊಂಗೆ ನಮ್ಮ ಮನೆಮಾಲೀಕರ ತಮ್ಮನ ಮಗನದು. ಮಳೆಯಿರಲಿ, ಜ್ವರವಿರಲಿ, ಗಣಪತಿಗೆ ಹೂವೇರಿಸದೆ ಅವನು ಚಹಾ ಕುಡಿದವನಲ್ಲ. ಕಾಕೂ ಅವರನ್ನು ಅವ್ವ ಎನ್ನುತ್ತಿದ್ದ.

ಮನೆಮಾಲೀಕರು ಒಬ್ಬರೇ ಇದ್ದರು. ಒಂದು ಮಂಗಳವಾರ ಸಂಜೆ ಬಾಗಿಲಿನ ಬೀಗ ಒಡೆದು ನೋಡಿದರೆ ತಲೆಗೆ ಪೆಟ್ಟು ಬಿದ್ದು ಸತ್ತಿದ್ದರು. ರವಿವಾರವೇ ಆಗಿರಬೇಕು ಎಂದರು ಪೊಲೀಸರು. ಅದೇ ರವಿವಾರ ನೀರಿನ ಮೋಟರಿನ ವಿಷಯಕ್ಕೆ ಅವರೊಡನೆ ಓಣಿಗೆಲ್ಲ ಕೇಳುವಂತೆ ಜಗಳವಾಡಿದ್ದವರು ನನ್ನ ಗಂಡ. ರಾಂಜಣಗಾಂವದ ಫ್ಯಾಕ್ಟರಿಯಿಂದಲೇ ಅವರನ್ನು ಕರೆದೊಯ್ದರು. ನಾನು ಕಾಕೂ ಎದುರು ಕುಳಿತು ಅತ್ತೆ. "ತಡಿ, ನೋಡೋಣು" ಎಂದರು.

ಅವರು ನೋಡಿದ್ದು ದಾಸವಾಳವನ್ನು. ಮಾಲೀಕರ ತಮ್ಮನ ಮಗನ ಟೊಂಗೆಯಲ್ಲಿ ಸೋಮವಾರದ ಹೂಗಳು ಮುದುಡಿಕೊಂಡು ಹಾಗೇ ಇದ್ದವು, ಮಂಗಳವಾರದವೂ. ಕರಿಬೇವು ಕೊಡುವ ನೆಪದಲ್ಲಿ ಅವನ ಹೆಂಡತಿಯ ಹತ್ತಿರ ಹೋಗಿ, "ಹೂವಿಗೆ ಯಾಕ ಬಂದಿಲ್ಲ ನಿನ್ನ ಗಂಡ?" ಎಂದು ಕೇಳಿದರು. ಪಾಪ, ಅವಳಿಗೇನು ಗೊತ್ತು?

"ಸೋಮವಾರದಿಂದ ಪೂಜಿ ನಿಂತದರಿ ಕಾಕೂ. ಊರಾಗ ನಮ್ಮ ಮನಿತನದವರು ಯಾರೋ ತೀರ್ಕೊಂಡಾರಂತ. ಸೂತಕ ಅಂದ್ರು."

ದೊಡ್ಡಪ್ಪನ ಮೇಲೆ ಕೈ ಎತ್ತಿದವನಿಗೆ ಸೂತಕದಲ್ಲಿ ದೇವರನ್ನು ಮುಟ್ಟುವ ಧೈರ್ಯ ಬಂದಿರಲಿಲ್ಲ. ಹೆಣ ಸಿಗುವ ಮೊದಲೇ ಸೂತಕ ಹಿಡಿದಿದ್ದ.

ಕಾಕೂ ತಕ್ಷಣ ಠಾಣೆಗೆ ಹೋಗಲಿಲ್ಲ. "ಅಂವ ದೇವರಿಗೆ ಅಂಜಿದ್ದಕ್ಕ ನಾ ಅವನ್ನ ಹಿಡಕೊಡಬೇಕೇನು?" ಎಂದು ನನ್ನನ್ನೇ ಕೇಳಿದರು. ನಾನು ಅವರ ಕಾಲು ಹಿಡಿದೆ. "ನಮ್ಮ ಮನಿಯವರು ಏನ ಮಾಡ್ಯಾರ್ರೀ ಕಾಕೂ?" ಎಂದೆ. ಮರುದಿನ ಅವರು ಎಲ್ಲವನ್ನೂ ಮರಾಠಿಯಲ್ಲಿ ಹೇಳಿದಾಗ ಇನ್ಸ್‌ಪೆಕ್ಟರರಿಗೆ ಸೂತಕವೆಂದರೇನೆಂದು ಬಿಡಿಸಿ ಹೇಳಬೇಕಾಗಲಿಲ್ಲ. ಸಂಜೆಯೊಳಗೆ ಅವನು ಒಪ್ಪಿಕೊಂಡ. ಮನೆಯ ಪಾಲಿನ ಮಾತು ಸಿಟ್ಟಿಗೆ ತಿರುಗಿತ್ತಂತೆ.

ನನ್ನ ಗಂಡ ಮನೆಗೆ ಬಂದರು. ನಾನು ಪೇಡೆ ಒಯ್ದೆ. ಕಾಕೂ ಡಬ್ಬಿಯ ಮುಚ್ಚಳವನ್ನೂ ತೆರೆಯಲಿಲ್ಲ. "ಅಕಿ ಬಾಯಿಂದನ ತಗಿಸೀನಿ. ಕರಿಬೇವು ಕೊಟ್ಟು ತಗಿಸೀನಿ. ಇದನ್ನ ಒಯ್ಯಿ" ಎಂದರು. ಆ ಭಾರದಲ್ಲಿ ಅರ್ಧ ನನ್ನದು. ಪೂರ್ತಿ ಹೊತ್ತವರು ಅವರು.

ಪೊಲೀಸರಿಗೆ ಹೇಳಿದ್ದು ತಾವೇ ಎಂದು ಕಾಕೂ ಅವನ ಹೆಂಡತಿಗೆ ಖುದ್ದಾಗಿ ಹೋಗಿ ತಿಳಿಸಿದರು. ಅಂದಿನಿಂದ ದಿನಾ ಬೆಳಿಗ್ಗೆ ಅವಳ ಗೇಟಿಗೆ ದಾಸವಾಳದ ಚೀಲ ಸಿಕ್ಕಿಸುತ್ತಿದ್ದರು. ಬಹಳ ಕಾಲ ಹೂಗಳು ಅದರಲ್ಲೇ ಬಾಡಿದವು. ಆಮೇಲೊಂದು ದಿನ ಚೀಲ ಖಾಲಿಯಾಗಿತ್ತು. ಕಾಕೂಗೆ ಮೊಣಕಾಲು ನೋವು ಹೆಚ್ಚಾದ ಮೇಲೆ ಅವಳೇ ಬಂದು ಗಂಡನ ಟೊಂಗೆಯಿಂದ ಕಿತ್ತುಕೊಳ್ಳತೊಡಗಿದಳು. ಅವಳು ಬರುವುದು ಕಂಡರೆ ನಾನು ಒಳಗೆ ಸರಿಯುತ್ತಿದ್ದೆ.

ಕಳೆದ ಶ್ರಾವಣದ ಒಂದು ಬೆಳಿಗ್ಗೆ ಕಾಕೂ ತೀರಿಕೊಂಡರು. ನಾನು ಹೋದಾಗ ಅವಳು ಆಗಲೇ ಗಿಡದ ಪಕ್ಕ ಬರಿಗೈಯಲ್ಲಿ ನಿಂತಿದ್ದಳು. ಟೊಂಗೆಯ ತುಂಬ ಹೂವು ಹಾಗೇ ಇತ್ತು. ಏನು ಮಾತಾಡಬೇಕೆಂದು ತೋಚದೆ, "ಪೂಜಿ ಆಗಿಲ್ಲೇನು ಇನ್ನೂ?" ಎಂದೆ.

"ಹೆಂಗ ಮಾಡ್ಲಿರೀ? ಸೂತಕ ಅಲ್ಲ?" ಎಂದಳು.

ನಾನು ತಲೆ ತಗ್ಗಿಸಿದೆ. ಸುದ್ದಿ ಕಿವಿಗೆ ಬಿದ್ದ ಮೇಲೂ, ಸಂಬಂಧವಿಲ್ಲದ ನನಗೆಂಥ ಸೂತಕ ಎಂದುಕೊಂಡು, ಪೂಜೆ ಮುಗಿಸಿಯೇ ಬಂದಿದ್ದೆ. ದೇವರಿಗೆ ಏರಿಸಿದ್ದೂ ಕಾಕೂ ಅವರ ದಾಸವಾಳವನ್ನೇ.