ಮಮ್ಮಿ ಬರುವ ತನಕದ ಹುಲ್ಲು

ಹೋದ ತಿಂಗಳು ಹಾಸನದ ಒಂದು ಅಂಗಡಿಗೆ ಹೋಗಿದ್ದೆ. ಬಣ್ಣದ ಮೀನು, ಗಿಳಿ, ಬಿಳಿ ಇಲಿ ಎಲ್ಲವನ್ನೂ ಒಟ್ಟಿಗೆ ಮಾರುವ ಅಂಗಡಿ ಅದು. ಮಗಳಿಗೆ ಮೊಲ ಬೇಕಾಗಿತ್ತು. ಅಂಗಡಿಯಾಕೆ ಒಂದು ಪ್ಲಾಸ್ಟಿಕ್ ಚೀಲದ ಬಾಯಿ ಬಿಚ್ಚಿ ನಮ್ಮ ಮುಂದೆ ಹಿಡಿದಳು. ಒಳಗಿದ್ದದ್ದು ಒಣಹುಲ್ಲು. ಬಿಸಿಲು, ಧೂಳು, ತಳದಲ್ಲೆಲ್ಲೋ ಒಂದಿಷ್ಟು ಸಿಹಿ ಸೇರಿದ ಆ ವಾಸನೆ ಮೂಗಿಗೆ ಬಡಿದದ್ದೇ ಮುಂದೆ ಆಕೆ ಹೇಳಿದ್ದು ನನಗೆ ಸರಿಯಾಗಿ ಕೇಳಿಸಲಿಲ್ಲ. "ಹಾಗೇ ಹಾಕ್ಬಿಟ್ರೆ ಅರ್ಧ ತುಳಿದು ಹಾಳು ಮಾಡ್ತವೆ ಮೇಡಂ" ಎಂದದ್ದು ಮಾತ್ರ ಕೇಳಿಸಿತು. ನನಗೆ ಗೊತ್ತು ಎಂದೆ. ಅಷ್ಟು ಗಡುಸಾಗಿ ಹೇಳುವ ಅಗತ್ಯವಿರಲಿಲ್ಲ. ಮಗಳು ತಿರುಗಿ ನನ್ನ ಮುಖ ನೋಡಿದಳು.

ನಾನು ಬೆಳೆದದ್ದು ಯಸಳೂರಿಗೆ ಹತ್ತಿರದ ಒಂದು ಎಸ್ಟೇಟಿನಲ್ಲಿ. ಪಪ್ಪ ಅಲ್ಲಿ ರೈಟರ್, ಅಂದರೆ ಆಳುಗಳ ಹಾಜರಿಯಿಂದ ಹಿಡಿದು ಸ್ಟೋರಿನ ಬೀಗದವರೆಗೆ ಎಲ್ಲದಕ್ಕೂ ಉತ್ತರ ಹೇಳಬೇಕಾದವರು. ನಮಗೆ ಕೊಟ್ಟಿದ್ದ ಕ್ವಾರ್ಟರ್ಸ್ ಕಾಫಿ ಸ್ಟೋರಿನ ಬೆನ್ನಿಗೆ ಅಂಟಿಕೊಂಡಿತ್ತು. ಎರಡು ಕೋಣೆ, ಒಂದು ಅಡುಗೆಮನೆ, ಮೇಲೆ ತಗಡು. ಗೋಡೆಯ ಆಚೆ ಮೂಟೆಗಟ್ಟಲೆ ಕಾಫಿ ಇರುತ್ತಿದ್ದುದರಿಂದ ನಮ್ಮ ದಿಂಬು, ನನ್ನ ಶಾಲೆಯ ಚೀಲ, ಮಮ್ಮಿ ಜಪಸರ ಇಡುತ್ತಿದ್ದ ಡಬ್ಬಿ ಎಲ್ಲವೂ ಕಾಫಿಯ ವಾಸನೆಯನ್ನೇ ಹೊಡೆಯುತ್ತಿದ್ದವು. ಮಮ್ಮಿ ಮಂಗಳೂರಿನ ಕಡೆಯವಳು. ಅವಳೂ ಪಪ್ಪನೂ ತಮ್ಮೊಳಗೆ ಕೊಂಕಣಿಯಲ್ಲಿ ಮಾತಾಡುತ್ತಿದ್ದರು, ನನ್ನೊಡನೆ ಕನ್ನಡದಲ್ಲಿ. ಹಾಗಾಗಿ ಅವರಿಬ್ಬರೂ ಜಗಳವಾಡುವಾಗ ನನಗೆ ಏನೂ ತಿಳಿಯುವುದಿಲ್ಲ ಎಂದು ನಂಬಿದ್ದರು. ನಾನೂ ಆ ನಂಬಿಕೆಗೆ ಭಂಗ ತರಲಿಲ್ಲ. ಆ ಮನೆ ಈಗಿಲ್ಲ. ಎಸ್ಟೇಟ್ ಕೈ ಬದಲಾದ ಮೇಲೆ ಅದನ್ನು ಕೆಡವಿ ಕಾಫಿ ಒಣಗಿಸುವ ಕಣವನ್ನು ಅಲ್ಲಿಯವರೆಗೂ ಬೆಳೆಸಿದ್ದಾರೆ. ನಿಮ್ಮ ಎಳವೆಯ ಮನೆಯೂ ಹೀಗೆ ನೆಲಸಮವಾಗಿದ್ದರೆ ನಿಮಗೆ ಗೊತ್ತಿರುತ್ತದೆ, ಅಡುಗೆಮನೆ ಎಲ್ಲಿತ್ತು ಎಂದು ಕಾಲಿನಲ್ಲಿ ಹುಡುಕುವುದು ಎಷ್ಟು ಪೆದ್ದು ಕೆಲಸವೆಂದು.

ಮೊಲಗಳು ಮಮ್ಮಿಯವು. ತವರಿಗೆ ಹೋದವಳು ಬರುವಾಗ ಬಸ್ಸಿನಲ್ಲಿ ಬುಟ್ಟಿಯೊಳಗೆ ಮುಚ್ಚಿಟ್ಟು ತಂದಿದ್ದಳು. ಬೂದು ಬಣ್ಣದ್ದು ಬೂದಿ, ಬಿಳಿಯದು ಬೆಣ್ಣೆ. ಹಿತ್ತಲಿನ ಚಾವಣಿಯ ಕೆಳಗೆ ಸಿಲ್ವರ್ ಓಕಿನ ಪಟ್ಟಿಗಳನ್ನು ಹೊಡೆದು ಪಪ್ಪ ಗೂಡು ಮಾಡಿಕೊಟ್ಟರು. ಮೊದಲ ವರ್ಷ ಮರಿಗಳೂ ಆದವು, ಆದರೆ ಮಳೆ ಹಿಡಿದ ಮೇಲೆ ನೀರು ಸೋರುವ ಹಸಿ ಹುಲ್ಲು ತಿಂದು ಹೊಟ್ಟೆ ಕೆಟ್ಟು ಒಂದರ ಹಿಂದೊಂದು ಸತ್ತವು. ಅಂದಿನಿಂದ ಮಳೆಗಾಲದಲ್ಲಿ ಒಣಹುಲ್ಲೇ ಆಗಬೇಕೆಂದು ಮಮ್ಮಿ ಹಟ ಹಿಡಿದಳು. ಕಾಫಿ ತೋಟದೊಳಗೆ ಒಣಹುಲ್ಲು ಎಲ್ಲಿಂದ ಬರಬೇಕು? ಆಲೂರಿನ ಕಡೆಯ ರಂಗೇಗೌಡರು ಎಸ್ಟೇಟಿನ ಸಾಹುಕಾರರ ದನಗಳಿಗೆ ಹುಲ್ಲು ತರುತ್ತಿದ್ದರು. ಆ ವರ್ಷ ಮಳೆಗೆ ಮುಂಚೆ ಅವರು ನಮಗೂ ಒಂದಷ್ಟು ಕಟ್ಟು ರಾಗಿ ಹುಲ್ಲು ಇಳಿಸಿ, "ನೋಡ್ಕಂಡು ಹಾಕ್ಕಳಿ ಕಣ್ರೀ ರೈಟ್ರೇ. ಇನ್ನು ಕುಯ್ಲು ಆಗೋಗಂಟ ನಮ್ಮನ್ಯಾಗೂ ಇಲ್ಲ, ಊರಾಗೂ ಇಲ್ಲ" ಎಂದರು. ಪಪ್ಪ ಅದನ್ನು ಸ್ಟೋರಿನ ಅಟ್ಟಕ್ಕೆ ಏರಿಸಿದರು.

ಹುಲ್ಲು ಬಂದ ವಾರದಲ್ಲೇ ಮಮ್ಮಿಯನ್ನು ಮಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದರು. ಹೊಟ್ಟೆನೋವು ಎಂದಷ್ಟೇ ನನಗೆ ಹೇಳಿದ್ದರು. ಹೊರಡುವ ದಿನ ಅವಳು ಒಳ್ಳೆಯ ಸೀರೆ ಉಟ್ಟು, ಗೂಡಿನ ಮುಂದೆ ಕುಕ್ಕರಗಾಲಲ್ಲಿ ಕೂತು ಬೂದಿಯ ಕಿವಿ ಸವರಿದಳು. "ಹುಲ್ಲು ಚೆಲ್ಲಿಸ್ಬೇಡಿ ಮಾರಾಯ್ರೇ. ನಾನು ಬರುವ ತನಕ ಸಾಲ್ಬೇಕು ಅದು" ಎಂದು ಪಪ್ಪನಿಗೆ ಹೇಳಿದಳು. ನನ್ನ ಎದುರಿಗಿದ್ದುದರಿಂದ ಕನ್ನಡದಲ್ಲೇ ಹೇಳಿದಳು. ಆಮೇಲೆ ಕೊಂಕಣಿಯಲ್ಲಿ ಮೆಲ್ಲಗೆ, ಸಾಲುತ್ತದಲ್ಲವೇ ಎಂದು ಕೇಳಿದಳು. ಪಪ್ಪ ಸಾಲುತ್ತದೆ ಎಂದರು. ಮಾವ್ಶಿ, ಅಂದರೆ ಮಮ್ಮಿಯ ಅಕ್ಕ, ಮಂಗಳೂರಿನಲ್ಲಿ ಅವಳ ಜೊತೆಗಿದ್ದು ನೋಡಿಕೊಳ್ಳುವುದು ಎಂದೂ, ನನ್ನ ಶಾಲೆ ತಪ್ಪಬಾರದೆಂದು ಪಪ್ಪ ನನ್ನ ಜೊತೆ ಇರುವುದು ಎಂದೂ ತೀರ್ಮಾನವಾಗಿತ್ತು.

ಪಪ್ಪನಿಗೆ ಮೊಲದ ವಿಚಾರ ಏನೇನೂ ಗೊತ್ತಿರಲಿಲ್ಲ. ಮೊದಲ ದಿನ ಒಂದು ಕಟ್ಟನ್ನು ಪೂರ್ತಿ ಬಿಚ್ಚಿ ಗೂಡಿನೊಳಗೆ ತುಂಬಿ, ಕೈ ಕೊಡವಿಕೊಂಡು ಬಂದರು. ಬೆಳಿಗ್ಗೆ ನೋಡಿದರೆ ಮೊಲಗಳು ಅದರ ಮೇಲೆ ಮದುಮಕ್ಕಳ ಹಾಗೆ ಕೂತಿವೆ, ಉಚ್ಚೆ ಹೊಯ್ದಿವೆ, ಹಿಕ್ಕೆ ಹಾಕಿವೆ, ತಿಂದದ್ದು ಅಷ್ಟಕ್ಕಷ್ಟೇ. ಆಗ ಪಪ್ಪ ಮಾಡಿದ ಕೆಲಸವನ್ನು ಕಾಫಿಯವರಲ್ಲದೆ ಬೇರೆ ಯಾರೂ ಮಾಡಲಾರರು. ನೆನೆದ ಕಾಫಿಯನ್ನು ಹರಡಿ, ಕೆದರಿ, ಮತ್ತೆ ಒಣಗಿಸಿದರೆ ಆಯಿತಲ್ಲ? ಹಾಗೆಯೇ ಆ ಹುಲ್ಲನ್ನೂ ಒಲೆಯ ಪಕ್ಕ ಗೋಣಿಯ ಮೇಲೆ ಹರಡಿ, ಹೊತ್ತು ಹೊತ್ತಿಗೆ ಕೈಯಾಡಿಸಿ, ಗರಿಗರಿಯಾಗಿ ಒಣಗಿಸಿ ಮತ್ತೆ ಹಾಕಿದರು. ಅಡುಗೆಮನೆಗೆ ಕಾಲಿಡುವ ಹಾಗಿರಲಿಲ್ಲ. ಬೆಣ್ಣೆ ಒಮ್ಮೆ ಮೂಸಿ ಹಿಂದಕ್ಕೆ ತಿರುಗಿ ಕೂತಿತು. "ಒಣಗಿದೆಯಲ್ಲ, ಇನ್ನೇನಂತೆ ಇದಕ್ಕೆ?" ಎಂದು ಪಪ್ಪ ನನ್ನನ್ನೇ ಕೇಳಿದರು. ಮೊಲದ ಪರವಾಗಿ ನಾನೇನು ಹೇಳಲಿ? ಅದೇ ವಾರ ಇನ್ನೆರಡು ಕಟ್ಟು ಹೀಗೇ ಹೋದವು. ಅಟ್ಟ ಬರಿದಾಗುವ ಲಕ್ಷಣ ಕಂಡಿತು. ಪಪ್ಪನ ಮುಖ ಸಣ್ಣಗಾಯಿತು.

ಆಮೇಲೆ ಅವರು ಗೂಡಿನ ಮುಂದೆ ಸ್ಟೂಲು ಹಾಕಿಕೊಂಡು ಸುಮ್ಮನೆ ನೋಡತೊಡಗಿದರು. ಕಾಫಿ ಹೂ ಬಿಟ್ಟಾಗಲೂ ಅವರು ಅಷ್ಟು ಹೊತ್ತು ಏನನ್ನೂ ನೋಡಿದವರಲ್ಲ. ಮೊಲಗಳು ತಿನ್ನುತ್ತಾ ತಿನ್ನುತ್ತಾ ಹಿಕ್ಕೆ ಹಾಕುತ್ತವೆ, ಅದೂ ಯಾವಾಗಲೂ ಒಂದೇ ಮೂಲೆಯಲ್ಲಿ ಎಂದು ತಿಳಿಯಿತು. ಕಾಫಿ ಜರಡಿಯ ಹಳೆಯ ತಂತಿಬಲೆಯನ್ನು ತೊಟ್ಟಿಲಿನಂತೆ ಬಗ್ಗಿಸಿ ಅದೇ ಮೂಲೆಯ ಮೇಲೆ, ಮೊಲ ಕತ್ತೆತ್ತಿದರೆ ಬಾಯಿಗೆ ಸಿಗುವ ಎತ್ತರಕ್ಕೆ ಹೊಡೆದರು. ಹುಲ್ಲನ್ನು ಕೊಡವಿ, ಧೂಳು ಹಾರಿಸಿ, ಕುಡುಗೋಲಿನಲ್ಲಿ ಗೇಣುದ್ದಕ್ಕೆ ಕತ್ತರಿಸಿ ಅದರಲ್ಲಿ ತುರುಕುತ್ತಿದ್ದರು. ಉದ್ದ ಬಿಟ್ಟರೆ ಎಳೆದು ಗೂಡಿನ ತುಂಬ ಹರಡುತ್ತಿದ್ದವು. ಕೆಳಗೆ ಹಾಸಲು ಸಿಲ್ವರ್ ಓಕಿನ ಒಣ ಎಲೆ. ಬೆಳಿಗ್ಗೆ ಹಸಿದಿರುವಾಗ ಮೊದಲು ಹುಲ್ಲು, ಅದು ಖಾಲಿಯಾದ ಮೇಲೆಯೇ ಮೂಲಂಗಿ ಸೊಪ್ಪು. ಬಲೆಯಿಂದ ಉದುರಿ ಒಣದಾಗಿ ಉಳಿದ ಎಳೆಗಳನ್ನು ನಾನು ಆರಿಸಿ ಮಾರನೆಯ ದಿನದ ಹುಲ್ಲಿಗೆ ಬೆರೆಸಬೇಕಿತ್ತು. ಬೆರಳಿಗೆ ರಾಗಿ ಹುಲ್ಲಿನ ಸಿಬಿರು ಚುಚ್ಚುತ್ತಿತ್ತು. ಮೊಲಗಳು ಒಂದೊಂದೇ ಎಳೆ ಎಳೆದು ಕಟಕಟ ಅಗಿಯುವ ಸದ್ದು ಮನೆಯೊಳಗಿನ ತನಕ ಕೇಳಿಸುತ್ತಿತ್ತು. ಆ ಸದ್ದು ಕೇಳುತ್ತಾ ನಾವಿಬ್ಬರೂ ಊಟ ಮಾಡುತ್ತಿದ್ದೆವು.

ಮೊಬೈಲಿಗೆ ಸಿಗ್ನಲ್ ಸಿಗುತ್ತಿದ್ದುದು ಕಣದ ತುದಿಯಲ್ಲಿ ಮಾತ್ರ. ಸಂಜೆ ಕೊಡೆ ಹಿಡಿದು ಅಲ್ಲಿಗೆ ಹೋಗುತ್ತಿದ್ದೆವು. ಮಮ್ಮಿ ತನ್ನ ನೋವಿನ ಮಾತೆತ್ತುತ್ತಿರಲಿಲ್ಲ, ಪಪ್ಪ ಕೇಳುತ್ತಲೂ ಇರಲಿಲ್ಲ. "ಹುಲ್ಲು ಉಂಟಾ? ತಿಂತಾ ಉಂಟಾ?" ಎಂದು ಕೇಳುವಳು. ಪಪ್ಪ ಬಲೆ, ಮೂಲೆ, ಗೇಣುದ್ದ ಎಲ್ಲವನ್ನೂ ಆಫೀಸಿಗೆ ವರದಿ ಒಪ್ಪಿಸುವ ಧಾಟಿಯಲ್ಲಿ ವಿವರಿಸುವರು. ಮಮ್ಮಿ ನಗುತ್ತಿದ್ದಳು. ದಿನ ಹೋದಂತೆ ಆ ನಗು ತೆಳ್ಳಗಾಯಿತು, ಆಮೇಲೆ ಮಾವ್ಶಿಯೇ ಫೋನು ಎತ್ತತೊಡಗಿದರು. ಹುಲ್ಲು ಮಾತ್ರ ಉಳಿಯುತ್ತಾ ಹೋಯಿತು. ವಾರಕ್ಕೊಮ್ಮೆ ಅಟ್ಟ ಹತ್ತಿ ಇಳಿದು ಬಂದು ಪಪ್ಪ, "ಇನ್ನೂ ತುಂಬಾ ದಿನ ಬರುತ್ತೆ" ಎನ್ನುತ್ತಿದ್ದರು. ಹುಲ್ಲು ಇದ್ದಷ್ಟು ದಿನ ಮಮ್ಮಿಗೆ ಏನೂ ಆಗುವುದಿಲ್ಲ ಎಂದು ನಾನು ನಂಬಿಬಿಟ್ಟಿದ್ದೆ. ಪಪ್ಪನೂ ಹಾಗೆ ನಂಬಿದ್ದರೋ ಏನೋ, ಕೇಳಿದವಳಲ್ಲ. ಈಗ ಕೇಳೋಣವೆಂದರೆ ಅವರೂ ಇಲ್ಲ.

ಮೊಲಗಳು ಏನಾದವು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ, ಈ ಕಥೆ ಕೇಳಿದವರೆಲ್ಲ ಮೊದಲು ಅದನ್ನೇ ಕೇಳುತ್ತಾರೆ. ಅವು ಬದುಕಿದವು. ಲೈನಿನವರು, ಅಂದರೆ ಎಸ್ಟೇಟಿನ ಸಾಲುಮನೆಗಳ ಆಳುಗಳು, ಸೂರಿನಡಿ ಹುಲ್ಲು ಒಣಗಿಸಿ ತಂದುಕೊಟ್ಟರು, ಕುಯ್ಲಾದ ಮೇಲೆ ರಂಗೇಗೌಡರು ಮತ್ತೆ ಬಂದರು. ಬೂದಿಯೂ ಬೆಣ್ಣೆಯೂ ಮುದಿಯಾಗಿ ಸತ್ತವು.

ಮಮ್ಮಿಯನ್ನು ಕರೆತರುತ್ತಿದ್ದೇವೆ ಎಂದು ಮಾವ್ಶಿ ಫೋನು ಮಾಡಿದ್ದು ಒಂದು ಬೆಳಿಗ್ಗೆ, ಪಪ್ಪ ಕಣದ ತುದಿಯಲ್ಲಿದ್ದಾಗ. ಯಾವ ರೀತಿ ಕರೆತರುತ್ತಿದ್ದಾರೆ ಎಂಬುದು ಪಪ್ಪನ ಮುಖ ನೋಡಿಯೇ ತಿಳಿಯಿತು. ನನಗೆ ಅಳು ಬರಲಿಲ್ಲ. ಲೈನಿನ ಹೆಂಗಸರು ಬಂದು ನನ್ನ ತಲೆ ಬಾಚಿ, ಚರ್ಚಿಗೆ ಹಾಕುವ ಫ್ರಾಕು ಹಾಕಿದರು. ಗಾಡಿ ಘಾಟಿ ಹತ್ತಿ ದೋಣಿಗಲ್ ದಾಟಿತು ಎಂದು ಮಧ್ಯಾಹ್ನ ಸುದ್ದಿ ಬಂತು. ಪಪ್ಪ ಆಗ ಅಂಗಳಕ್ಕಿಳಿದು ನಿಂತರು. ಗೇಟಿನಿಂದ ಮೆಟ್ಟಿಲಿನವರೆಗೆ ಇಳಿಜಾರು, ಕೆಂಪು ಕೆಸರು, ಬರಿಗೈಯಲ್ಲಿ ನಡೆದರೂ ಜಾರುವಂಥದ್ದು. ಒಂದು ಗಳಿಗೆ ನೋಡಿದವರು ಸ್ಟೋರಿಗೆ ಹೋಗಿ ಅಟ್ಟ ಹತ್ತಿದರು. ಉಳಿಸಿದ್ದ ಕಟ್ಟುಗಳೆಲ್ಲ ಒಂದೊಂದಾಗಿ ಕೆಳಗೆ ಬಿದ್ದವು. ಅವನ್ನು ತಂದು ಹುರಿ ಬಿಚ್ಚಿ ಗೇಟಿನಿಂದ ಹರಡತೊಡಗಿದರು. ಯಾರೋ ಕೈ ಹಾಕಲು ಬಂದರೆ ಬೇಡವೆಂದರು.

ಒಣಹುಲ್ಲು ಕೆಸರಿಗೆ ಬಿದ್ದು ಕಪ್ಪಾಗುವುದನ್ನು ನೋಡುತ್ತಾ ನಿಂತಿದ್ದೆ. ಆ ಹೊತ್ತಿನಲ್ಲಿ ನನಗೆ ಸಂಕಟವಾದದ್ದು ಹುಲ್ಲಿಗಾಗಿಯೇ.

"ಪಪ್ಪಾ, ಮೊಲಕ್ಕೆ?" ಎಂದೆ.

ಅವರು ಬಗ್ಗಿದವರು ಏಳಲಿಲ್ಲ. ಕೊನೆಯ ಕಟ್ಟನ್ನು ಮೆಟ್ಟಿಲ ಬುಡದಲ್ಲಿ ಬಿಚ್ಚಿ, ಅಂಗೈಯಿಂದ ಒತ್ತಿ ಸಮ ಮಾಡಿದರು.

"ಅವಳು ಬರೋ ತನಕ ಅಂತ ತಾನೇ ಇಟ್ಟಿದ್ದು" ಎಂದರು. "ಸಾಲ್ತು."

ಗಾಡಿ ಬಂದು ಗೇಟಿನಲ್ಲಿ ನಿಂತಿತು. ಪೆಟ್ಟಿಗೆಯನ್ನು ಹೊತ್ತವರು ಆ ಹುಲ್ಲಿನ ಮೇಲೆ ಹೆಜ್ಜೆ ಇಡುತ್ತಾ ಮೆಲ್ಲಗೆ ಇಳಿದು ಬಂದರು. ಯಾರ ಕಾಲೂ ಜಾರಲಿಲ್ಲ.