ಲೋಕಣ್ಣನ ಪಾಲು

ಆಸ್ಪತ್ರೆಯ ಕಂಪ್ಯೂಟರ್ ವಿಭಾಗದ ಗುಣಪಾಲ ಸರ್ವರ್ ಕೋಣೆಯ ಬಾಗಿಲಲ್ಲಿ ಒಮ್ಮೆ ಕೆಮ್ಮಿಯೇ ಒಳಗೆ ಕಾಲಿಡುತ್ತಿದ್ದ. ಅಷ್ಟೇ ವಿಷಯ. ಆದರೆ ಬಿಕರ್ನಕಟ್ಟೆಯಿಂದ ತುಸು ಆಚೆಗಿನ ಆ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಆ ಕೆಮ್ಮು ಬೆಳೆಯುತ್ತ ಬೆಳೆಯುತ್ತ, ಅದನ್ನು ಕೇಳಿದೊಡನೆ ಯಂತ್ರದ ದೀಪಗಳು ತಲೆತಗ್ಗಿಸುತ್ತವೆ, ಒಳಗೆ ಕೂತ ಲೋಕನಾಥರು ಎದ್ದು ದಾರಿ ಬಿಡುತ್ತಾರೆ ಎಂಬಲ್ಲಿಗೆ ಮುಟ್ಟಿತ್ತು. ಗುಣಪಾಲನಿಗಿಂತ ಮೊದಲು ಆ ಕೆಲಸದಲ್ಲಿದ್ದ ಲೋಕನಾಥರು ತೀರಿಕೊಂಡು ಕೆಲವು ಮಳೆಗಾಲ ಕಳೆದಿದ್ದವು.

ಆ ದೊಡ್ಡ ಸರ್ವರನ್ನು ಪಾಲು ಮಾಡಿ, ಒಂದೊಂದರಲ್ಲೂ ಬೇರೆಯೇ ಆಪರೇಟಿಂಗ್ ಸಿಸ್ಟಂ ಕೂರಿಸಿದವರು ಅವರೇ. ರೋಗಿಗಳ ದಾಖಲೆಗೊಂದು, ಔಷಧಕ್ಕೊಂದು, ಲ್ಯಾಬಿಗೊಂದು, ಏನಾದರೂ ಪ್ರಯೋಗ ಮಾಡಿ ನೋಡಲು ತಮಗೊಂದು. ಒಂದೇ ಮನೆಯಲ್ಲಿ ಬೇರೆ ಬೇರೆ ಒಲೆ ಹೂಡಿದ ಹಾಗೆ. ಕರೆಂಟು ಹೋಗಿ ಬಂದಾಗಲೆಲ್ಲ ಮೊದಲು ಏಳುತ್ತಿದ್ದುದು ಸತ್ತ ಲೋಕನಾಥರ ಪಾಲು. ಯಾರೂ ಮುಟ್ಟದೆ, ಅವರು ಬರೆದಿಟ್ಟ ಸಾಲು ಪರದೆಯಲ್ಲಿ ಮೂಡುತ್ತಿತ್ತು: "ಬಂದೆ ಮಾರಾಯ." ಗುಣಪಾಲನ ಮನೆಯಲ್ಲಿ ಹಬ್ಬದ ದಿನ ತೀರಿಹೋದವರಿಗೆ ಎಲೆ ಹಾಕಿ ಬಡಿಸದೆ ಯಾರೂ ಉಣ್ಣುವುದಿಲ್ಲ; ಇಲ್ಲಿಯೂ ಅವನು ಅದನ್ನೇ ನಡೆಸಿಕೊಂಡು ಬಂದಿದ್ದಾನೆಂದು ಎಲ್ಲರೂ ನಂಬಿದ್ದರು.

ಒಂದು ಮಧ್ಯಾಹ್ನ ಸಿಡಿಲಿಗೆ ಸರ್ವರಿನ ಅರ್ಧ ಮೆಮೊರಿ ಸುಟ್ಟುಹೋಯಿತು. ಲೋಕನಾಥರ ಪಾಲು ಎದ್ದಿತು, ದಾಖಲೆಯದ್ದು ಎದ್ದಿತು, ಔಷಧದ್ದೂ ಎದ್ದಿತು. ಲ್ಯಾಬಿನ ಸರದಿ ಬರುವಾಗ ಬಡಿಸಲು ಮೆಮೊರಿ ಉಳಿದಿರಲಿಲ್ಲ, ಪಾತ್ರೆ ಬರಿದು.

ಲ್ಯಾಬಿನ ಮುಖ್ಯಸ್ಥೆ ಡ್ಯಾಫ್ನಿ ಓಡಿಬಂದಳು. ಕಾವೂರಿನ ಬಾಣಂತಿಯೊಬ್ಬಳಿಗೆ ರಕ್ತ ಕೊಡಬೇಕಿತ್ತು. ಹೊಂದಾಣಿಕೆಯ ವರದಿ ಏಳದ ಪಾಲಿನೊಳಗೆ ಸಿಕ್ಕಿಬಿದ್ದಿತ್ತು.

"ಲೋಕನಾಥರದ್ದನ್ನು ಆಫ್ ಮಾಡಿ."

"ಅದು ಲೋಕಣ್ಣನದ್ದಲ್ವಾ ಮೇಡಂ."

"ಅವರಿಗೆ ಈಗ ಎಂತ ಅರ್ಜೆಂಟ್ ಉಂಟು? ಅಲ್ಲಿ ಆ ಹೆಂಗಸು ಬೆಳ್ಳಗಾಗ್ತಾ ಇದ್ದಾಳೆ."

ಎ.ಸಿ.ಯ ತಂಪಿನಲ್ಲಿ ಯಾರೋ ಕುತ್ತಿಗೆಯ ಹಿಂದೆ ಉಸಿರು ಬಿಟ್ಟ ಹಾಗಾಯಿತು. ಕ್ಯಾಂಟೀನಿನ ಕತೆಗೆ ನಕ್ಕಿದ್ದ ಡ್ಯಾಫ್ನಿಯ ಕೈ ತಾನಾಗಿ ಶಿಲುಬೆಯ ಗುರುತು ಹಾಕಿತು.

"ಲೋಕಣ್ಣ, ಸ್ವಲ್ಪ ಸರಿದು ಕೂತ್ಕೊಳ್ಳಿ," ಎಂದು ಗುಣಪಾಲ ಕೀಲಿ ಒತ್ತಿದ.

ಫ್ಯಾನಿನ ಸದ್ದು ನಿಟ್ಟುಸಿರಿನಂತೆ ಇಳಿಯಿತು. ತೆರವಾದ ಜಾಗದಲ್ಲಿ ಲ್ಯಾಬಿನ ಪಾಲು ಮೆಲ್ಲಗೆ ಎದ್ದು ಕೂತಿತು. ವರದಿ ಹೋಯಿತು, ಹಿಂದೆಯೇ ರಕ್ತ ಹೋಯಿತು. ಬಾಣಂತಿ ಉಳಿದಳು ಎಂದು ಮೇಲಿನ ವಾರ್ಡಿನಿಂದ ಫೋನ್ ಬಂದರೂ ಡ್ಯಾಫ್ನಿಯ ಕಣ್ಣು ಆರಿದ ಪರದೆಯನ್ನು ಬಿಟ್ಟು ಕದಲಲಿಲ್ಲ.

"ಇಷ್ಟು ವರ್ಷ ಅವರಿಗೇ ಮೊದಲು ಬಡಿಸಿದ್ರಿ. ನಿಮ್ಮ ಭಕ್ತಿ ದೊಡ್ಡದು, ಗುಣಪಾಲ್."

"ಭಕ್ತಿ ಎಂತದ್ದೂ ಇಲ್ಲ ಮೇಡಂ. ಅದು ತನ್ನಷ್ಟಕ್ಕೆ ಏಳದ ಹಾಗೆ ಮಾಡುವುದು ಎಲ್ಲಿ ಅಂತ ನಂಗೆ ಗೊತ್ತಿಲ್ಲ. ಲೋಕಣ್ಣನ ಹತ್ರ ಕೇಳ್ಬೇಕು ಅಂತ ಇದ್ದೆ."