ಕದ ತಟ್ಟಲು ಬಂದ ಸೈನ್ಯ

ಮೂರನೇ ಮಹಡಿಯ ಆ ಮನೆಯ ಬಗ್ಗೆ ಅಕ್ಕಪಕ್ಕದವರು ಆಡುತ್ತಿದ್ದ ಮಾತು ಒಂದೇ. "ಮೇಲುಗಡೆ ಯುದ್ಧ ನಡೀತಿದೆ ಕಣ್ರೀ, ಮೆಟ್ಟಿಲು ಹತ್ತೋವಾಗ ತಲೆ ಹುಷಾರು!" ಎಂದು ಹೇಳಿ ನಗುತ್ತಿದ್ದರು. ಕೆಳಮನೆಯ ಅಜ್ಜಿಗೆ ಮಾತ್ರ ನಗು ಬರುತ್ತಿರಲಿಲ್ಲ. "ನೀವು ನಗ್ತೀರಿ. ಅವಳು ಕೆಲಸಕ್ಕೆ ಹೊರಡುವಾಗ ಖಾಲಿ ಮನೆಗೆ 'ತಮ್ಮಾ, ಬಾಗಿಲು ಹಾಕ್ಕೋ' ಅಂತಾಳೆ. ಆಮೇಲೆ ತಾನೇ ಬೀಗ ಹಾಕ್ತಾಳೆ. ಕೇಳಿಸಿಕೊಂಡರೆ ಕರುಳು ಹಿಂಡುತ್ತೆ."

ಬೀದಿಯವರು ಅವಳಿಗೆ ಕೋಟೆಯಕ್ಕ ಎಂದು ಹೆಸರಿಟ್ಟಿದ್ದರು. ಅವಳಿಗೂ ಅದು ಗೊತ್ತಿತ್ತು. ಬೇಜಾರೇನೂ ಇರಲಿಲ್ಲ.

ಕೋಟೆಯಕ್ಕನದು ಲಾಂಡ್ರಿ ಕೆಲಸ. ಹೋಟೆಲುಗಳಿಂದ, ಆಸ್ಪತ್ರೆಗಳಿಂದ ಬರುವ ಹಾಸಿಗೆಯ ಚಾದರಗಳನ್ನು ಬಿಸಿ ಉರುಳೆಯ ಇಸ್ತ್ರಿ ಯಂತ್ರಕ್ಕೆ ಕೊಟ್ಟು, ಆ ಕಡೆಯಿಂದ ಹೊರಬಂದದ್ದನ್ನು ಮಡಚುವುದು. ಮಡಚಲು ಇಬ್ಬರು ಬೇಕು. ಒಬ್ಬೊಬ್ಬರು ಎರಡೆರಡು ಮೂಲೆ ಹಿಡಿದು, ಜಾಡಿಸಿ, ಎದುರುಬದುರು ನಡೆದು ಬಂದು ಮೂಲೆಗೆ ಮೂಲೆ ಕೂಡಿಸಬೇಕು. ಇವಳ ಎದುರು ನಿಲ್ಲುತ್ತಿದ್ದ ಜೊತೆಗಾತಿ ಮಾತಿನ ಮಲ್ಲಿ. ಒಂದು ಚಾದರ ಮಡಚುವಷ್ಟರಲ್ಲಿ ಒಂದು ಸಂಸಾರದ ಕಥೆ ಮುಗಿಸುತ್ತಿದ್ದಳು.

ಕೋಟೆಯ ಕಥೆ ಶುರುವಾದದ್ದು ತಮ್ಮನಿಂದ. ಅಪ್ಪ ಅಮ್ಮ ಬೇಗ ಹೋದ ಮೇಲೆ ಅಕ್ಕನೇ ಎತ್ತಿ ಆಡಿಸಿ ಬೆಳೆಸಿದ ತಮ್ಮ. ದೊಡ್ಡವನಾಗಿ ಲಿಫ್ಟ್ ರಿಪೇರಿ ಕಲಿತ. ಇಡೀ ದಿನ ಕತ್ತಲ ಬಾವಿಯಂಥ ಕಿಂಡಿಗಳಲ್ಲಿ ತಂತಿ ಹಗ್ಗಕ್ಕೆ ಗ್ರೀಸು ಬಳಿದು ಮನೆಗೆ ಬಂದವನು, ಕಿಟಕಿ ಪಕ್ಕದ ಕಂಪ್ಯೂಟರಿನ ಮುಂದೆ ಕೂತನೆಂದರೆ ರಾಜ. ಯಾವ್ಯಾವುದೋ ಊರಿನವರು ಕೂಡಿ ಆಡುವ ಯುದ್ಧದ ಆಟ ಅದು. ಗುಡ್ಡದ ಮೇಲೆ ಅವನದೊಂದು ಕೋಟೆ. ಕೋಟೆಗೆ ಕಣಜ, ಕುದುರೆ ಲಾಯ, ಸೈನ್ಯ. ಹೆಬ್ಬಾಗಿಲಿಗೆ ಅವನೇ ಒಂದು ಫಲಕ ಹಾಕಿದ್ದ: "ಒಳಗೆ ಬನ್ನಿ. ಅಕ್ಕ ಬೈದರೆ ನಾನು ಹೊಣೆಯಲ್ಲ."

"ನನ್ನನ್ನ ಯಾಕೋ ಎಳೀತೀಯ ಅದರಲ್ಲಿ?" ಎಂದು ಅವಳು ರೇಗಿದ್ದಳು.

"ಕೋಟೆ ಅಂದ ಮೇಲೆ ಒಂದು ಫಿರಂಗಿ ಬೇಡ್ವೇನಕ್ಕ?"

ಅವನಿಗೆ ಜ್ವರ ಬಂದು ತಲೆಗೇರಿದಾಗ ಆಸ್ಪತ್ರೆಯ ಮಂಚದಲ್ಲಿ ಅವಳ ಕೈ ಹಿಡಿದು ಹೇಳಿದ: "ಅಕ್ಕಾ, ದಿನಾ ಒಂದ್ಸಲ ಕೋಟೆಗೆ ಹೋಗಿ ಬಾ. ಕಣಜಕ್ಕೆ ಧಾನ್ಯ ಹಾಕದಿದ್ರೆ ನಮ್ಮೋರು ಬಿಟ್ಟು ಹೋಗ್ತಾರೆ." ಜ್ವರದ ಬಡಬಡಿಕೆ ಅಂದುಕೊಂಡಳು. ಎಲ್ಲ ಮುಗಿದು ಮನೆಗೆ ಬಂದರೆ ಕಂಪ್ಯೂಟರು ಉರಿಯುತ್ತಲೇ ಇತ್ತು. ಪರದೆಯಲ್ಲಿ ಕೋಟೆ, ಬರಿದಾಗುತ್ತಿದ್ದ ಕಣಜ, ಬಾಗಿಲ ಮೇಲೆ ಅವನ ಮಾತು. ಇಲಿಯಂಥ ಆ ಪುಟ್ಟ ಸಾಧನವನ್ನು ಜೀವಮಾನದಲ್ಲಿ ಮೊದಲ ಸಲ ಹಿಡಿದು, ಅವತ್ತು ಅವಳು ಧಾನ್ಯ ಹಾಕಿದಳು.

ಅಲ್ಲಿಂದ ಆಚೆಗೆ ಆ ಯಂತ್ರವನ್ನು ಆರಿಸಲೇ ಇಲ್ಲ. ಒಳಹೋಗುವ ಪಾಸ್‌ವರ್ಡ್ ತಮ್ಮನ ಜೊತೆಗೇ ಹೋಗಿತ್ತು. ಒಮ್ಮೆ ಆರಿಸಿದರೆ ಕೋಟೆ ಮತ್ತೆ ಬಾಗಿಲು ತೆಗೆಯುವುದಿಲ್ಲ ಎಂಬ ಹೆದರಿಕೆ. ಕರೆಂಟು ಹೋದರೂ ನಡೆಯಲಿ ಎಂದು ದೊಡ್ಡ ಬ್ಯಾಟರಿ ತಂದಿಟ್ಟಳು. ಲಾಂಡ್ರಿ ಊರಾಚೆಗೆ ಹೋಗಿ, ಕೆಲಸದವರೆಲ್ಲ ಅಲ್ಲೇ ಕ್ವಾರ್ಟರ್ಸಿಗೆ ಸೇರಿಕೊಂಡರೂ ಇವಳೊಬ್ಬಳು ಬಸ್ಸು ಬದಲಿಸಿ ಬದಲಿಸಿ ಓಡಾಡಿದಳು. "ಬಾರೇ, ನನ್ನ ಪಕ್ಕದ ಮನೆ ಖಾಲಿ ಇದೆ," ಎಂದು ಜೊತೆಗಾತಿ ಕರೆದಾಗಲೆಲ್ಲ, "ಕೋಟೆ ಬಿಟ್ಟು ಹೇಗೆ ಬರ್ಲಿ?" ಎನ್ನುತ್ತಿದ್ದಳು. ತಮಾಷೆಗೆ ಆಡಿದ ಮಾತಲ್ಲ ಅದು.

ಆಟದ ಗೆಳೆಯರಿಗೆ ವಿಷಯ ತಿಳಿದಿತ್ತು. ಫಲಕ ಓದಿ ಓದಿ ಅವರಿಗೂ ಇವಳು ಅಕ್ಕನೇ. ಅವರಲ್ಲಿ ಗುಡುಗು ಎಂಬ ಹೆಸರಿನವಳೊಬ್ಬಳು, ದೂರದ ಊರಿನಲ್ಲಿ ಆಂಬುಲೆನ್ಸ್ ಓಡಿಸುವವಳು, ತಮ್ಮನ ಹಳೆಯ ಶತ್ರು. ಅವನು ಹೋದ ಮೇಲೆ ಒಂದು ಬಾಣವನ್ನೂ ಈ ಕಡೆ ಬಿಟ್ಟವಳಲ್ಲ. ಇನ್ನೊಬ್ಬ ಬೇಕರಿಯವನು, ಬ್ರೆಡ್ಡು ಒಲೆಗಿಟ್ಟು ಬಂದು ಯುದ್ಧಕ್ಕೆ ಕೂರುತ್ತಿದ್ದ.

ವರ್ಷದ ಕೊನೆಯ ರಜೆ ಬಂದರೆ ಆಟದ ಕಂಪನಿ ಕದನವಿರಾಮ ಸಾರುತ್ತಿತ್ತು. ನಕ್ಷೆಯ ಮೇಲೆ ಬಿಳಿ ಪರದೆ ಹರಡುತ್ತಿತ್ತು. ಆಗ ಯಾರ ಮೇಲೆ ಯಾರು ದಂಡೆತ್ತಿ ಹೋದರೂ ಸೈನ್ಯ ಬಾಗಿಲ ತನಕ ಹೋಗಿ ನಿಲ್ಲುತ್ತಿತ್ತು, ಕಹಳೆ ಊದುತ್ತಿತ್ತು, ಹಾಗೇ ವಾಪಸಾಗುತ್ತಿತ್ತು. ಇದನ್ನು ನೋಡಿ ತಮ್ಮ ಒಂದು ಪದ್ಧತಿ ಹುಟ್ಟುಹಾಕಿದ್ದ. ಅದರ ಹೆಸರು ಕದ ತಟ್ಟುವುದು. ಪ್ರೀತಿ ಇರುವವರ ಕೋಟೆಗೆ ಇಡೀ ಸೈನ್ಯ ಕಳಿಸಿ ಕಹಳೆ ಊದಿಸಿ ಬರಬೇಕು. ನಾಲ್ಕು ಜನರನ್ನು ಕಳಿಸಿ ಕೈತೊಳೆದುಕೊಂಡವರಿಗೆ ವರ್ಷವಿಡೀ ಜಿಪುಣ ಎಂಬ ಬಿರುದು. ಅವತ್ತು ಎಲ್ಲರೂ ತಂತಮ್ಮ ಹೆಬ್ಬಾಗಿಲನ್ನು ಹಾರುಹೊಡೆದು ಇಟ್ಟಿರಬೇಕು. "ಯುದ್ಧ ಇಲ್ಲದ ದಿನವೂ ಬಾಗಿಲು ಹಾಕಿದ್ರೆ ನಾವೆಂಥ ಮನುಷ್ಯರು?" ಎನ್ನುತ್ತಿದ್ದ.

ಆ ವರ್ಷವೂ ರಜೆಯ ಬೆಳಿಗ್ಗೆ ಬಿಳಿ ಪರದೆ ಹರಡಿತು. ಕೋಟೆಯಕ್ಕ ಚಹಾ ಲೋಟ ಹಿಡಿದು ಕೂತಳು. ಇದ್ದ ಸೈನ್ಯವನ್ನೆಲ್ಲ ಬೇಕರಿಯವನ ಕೋಟೆಗೆ ಕಳಿಸಿ, ಹೆಬ್ಬಾಗಿಲು ತೆರೆದಿಟ್ಟಳು. ಗುಡ್ಡದ ಸುತ್ತ ನಾಲ್ಕೂ ದಿಕ್ಕಿನಿಂದ ಸೈನ್ಯ ಏಳತೊಡಗಿತು. ಅಷ್ಟು ಜನ ಹಿಂದೆಂದೂ ಬಂದಿರಲಿಲ್ಲ. ತಮ್ಮನನ್ನು ನೆನೆಸಿಕೊಂಡು ಗೆಳೆಯರು ಈ ಸಲ ಕೈ ಹಿಡಿತ ಮಾಡಿರಲಿಲ್ಲ. "ನೋಡೋ, ನಿನ್ನ ನೆಂಟರು," ಎಂದಳು, ಪಕ್ಕದ ಖಾಲಿ ಕುರ್ಚಿಗೆ.

ಮೊದಲು ಮುಟ್ಟಿದ್ದು ಗುಡುಗಿನ ಸೈನ್ಯ. ಕೋಟೆಯಕ್ಕ ಕಹಳೆಗೆ ಕಿವಿಗೊಟ್ಟಳು. ಕಹಳೆ ಊದಲಿಲ್ಲ. ಸೈನ್ಯ ಬಾಗಿಲು ದಾಟಿ ಒಳಗೆ ಬಂತು. ಕಣಜದಿಂದ ಹೊಗೆ ಎದ್ದಿತು.

ಬಿಳಿ ಪರದೆ ಬಂದಿತ್ತೇ ಹೊರತು ಅದರ ಹಿಂದೆ ಯುದ್ಧವನ್ನು ತಡೆಯುವ ಕೀಲಿ ಬಿದ್ದಿರಲಿಲ್ಲ. ಕಂಪನಿಯವರ ಕಡೆ ಏನೋ ಕೆಟ್ಟಿತ್ತು.

ಸ್ಪೀಕರಿನಲ್ಲಿ ಗುಡುಗು ಕೂಗಿದಳು: "ಅಕ್ಕಾ! ಬಾಗಿಲು ಮುಚ್ಚಿ! ನಮ್ಮೋರು ಒಳಗೆ ನುಗ್ತಿದಾರೆ!"

"ನಿಮ್ಮೋರನ್ನ ತಿರುಗಿಸಮ್ಮ!"

"ಆಗಲ್ಲ ಅಕ್ಕಾ, ಹೊರಟ ಮೇಲೆ ತಿರುಗಿಸೋಕಾಗಲ್ಲ. ಅಯ್ಯೋ, ಹಿಂದೆ ಎಲ್ಲರೂ ಬರ್ತಿದಾರೆ!"

ಎಲ್ಲರೂ ಬಂದರು. ಪ್ರೀತಿ ಇದ್ದವರೆಲ್ಲ ಒಬ್ಬರ ಹಿಂದೊಬ್ಬರು ಬಂದರು. ಹೆಚ್ಚು ಪ್ರೀತಿಯವರು ಹೆಚ್ಚು ಸೈನ್ಯ ತಂದಿದ್ದರು. ಲಾಯ ಬಿತ್ತು, ಬುರುಜು ಬಿತ್ತು, ಹೆಬ್ಬಾಗಿಲಿನ ಜೊತೆಗೆ ಫಲಕವೂ ಬಿತ್ತು. ಚಹಾ ಆರಿಹೋಗಿತ್ತು. ಆಗ ಬೇಕರಿಯವನ ದನಿ ಮೆಲ್ಲಗೆ ಕೇಳಿಸಿತು: "ಅಕ್ಕಾ, ನಿಮ್ಮೋರೂ ಇಲ್ಲಿಗೆ ಬಂದ್ರು. ಏನೂ ಉಳೀಲಿಲ್ಲ... ಇರ್ಲಿ ಬಿಡಿ. ಇಡೀ ಸೈನ್ಯಾನೇ ಕಳಿಸಿದ್ರಿ. ನಿಮ್ಮನ್ನ ಯಾರೂ ಜಿಪುಣಿ ಅನ್ನಲ್ಲ."

ಅವನು ನಗಿಸಲು ನೋಡಿದ. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಕಂಪನಿಯಿಂದ ಸೂಚನೆ ಬಂತು. ಕದನವಿರಾಮದಲ್ಲಿ ದಾಳಿ ಮಾಡಿದವರು ಮೋಸಗಾರರಂತೆ. ಕೋಟೆ ಕಳೆದುಕೊಂಡವರು ದೂರು ಕೊಟ್ಟರೆ ಕೋಟೆ ಇದ್ದ ಹಾಗೇ ವಾಪಸು, ಫಲಕ ಸಮೇತ. ದಾಳಿ ಮಾಡಿದವರೆಲ್ಲ ಆಟದಿಂದ ಕಾಯಂ ಹೊರಗೆ. ರಜೆ ಮುಗಿಯುವುದರೊಳಗೆ ದೂರು ಬರದಿದ್ದರೆ ಕೋಟೆ ಅಳಿಸಿಹೋಗಿ ಗುಡ್ಡ ಬಯಲಾಗುತ್ತದೆ. ನೆಂಟರು ಯಾರು, ಕಳ್ಳರು ಯಾರು ಎಂದು ವಿಚಾರಿಸುವ ಪುರುಸೊತ್ತು ಕಂಪನಿಗೆ ಇರಲಿಲ್ಲ.

ಲಾಂಡ್ರಿಗೆ ರಜೆ ಇರಲಿಲ್ಲ. ಆಸ್ಪತ್ರೆಯ ಚಾದರಕ್ಕೆ ಯಾವ ರಜೆ? ಮರುದಿನ ಜೊತೆಗಾತಿ ಎಲ್ಲ ಕೇಳಿ, ಮೂಲೆ ಕೂಡಿಸುತ್ತ ಹೇಳಿದಳು: "ಕೊಟ್ಬಿಡೇ ದೂರು. ಮುಖ ಕಂಡೋರಲ್ಲ, ಮನೆಗೆ ಬಂದೋರಲ್ಲ. ನಿನ್ನ ತಮ್ಮನ ಮಾತು ಹೆಚ್ಚೋ, ಅವರು ಹೆಚ್ಚೋ?"

"ಅವನ ಮಾತೇ ಹೆಚ್ಚು," ಎಂದಳು ಕೋಟೆಯಕ್ಕ.

ಸಂಜೆ ಗುಡುಗು ಕರೆ ಮಾಡಿದಳು. ಅತ್ತು ಅತ್ತು ದನಿ ಕಟ್ಟಿತ್ತು. "ದೂರು ಕೊಡಿ ಅಕ್ಕಾ. ನಾವೆಲ್ಲ ಮಾತಾಡ್ಕೊಂಡಿದೀವಿ. ಹೋಗೋಕೆ ತಯಾರಿದೀವಿ."

"ಬೇಕರಿಯವರು ನನ್ನ ಮೇಲೆ ದೂರು ಕೊಟ್ರಾ?"

"ಛೇ, ಅವರು ಯಾಕೆ ಕೊಡ್ತಾರೆ?"

"ಮತ್ತೆ ನಾನು ಯಾಕೆ ಕೊಡ್ಲಿ? ಬುದ್ಧಿ ಇದೆಯಾ ನಿಮಗೆ? ಒಳಗೆ ಬನ್ನಿ ಅಂತ ಬಾಗಿಲ ಮೇಲೆ ಬರೆದು ಕರೆದೋನು ಅವನು. ಬಂದೋರನ್ನ ಕಳ್ಳರು ಅಂತ ಹಿಡಿದುಕೊಟ್ಟು ಅದೇ ಫಲಕ ಮತ್ತೆ ತೂಗು ಹಾಕ್ಲಾ? ಯಾವ ಮುಖ ಇಟ್ಕೊಂಡು ಓದ್ಲಿ ಅದನ್ನ?"

ಆ ಕಡೆ ಗುಡುಗು ಮೂಗೊರೆಸಿಕೊಂಡು, "ಬೈದ್ರಿ ಅಲ್ವಾ ಅಕ್ಕಾ," ಎಂದಳು. "ಅವನು ಹೊಣೆಯಲ್ಲ."

ರಜೆಯ ಕೊನೆಯ ದಿನ ಕೋಟೆಯಕ್ಕ ಕೋಟೆಯ ಬೂದಿಯಲ್ಲಿ ಒಮ್ಮೆ ಓಡಾಡಿ ಬಂದಳು. ದೂರಿನ ಗುಂಡಿ ಪರದೆಯ ಮೂಲೆಯಲ್ಲಿ ಮಿನುಗುತ್ತಲೇ ಇತ್ತು. ಸುಳ್ಳು ಯಾಕೆ, ಬೆರಳು ಅಲ್ಲಿಯ ತನಕ ಹೋಗಿತ್ತು. ಒಂದೇ ಒಂದು ಸಲ ಆ ಫಲಕ ನೋಡಬೇಕೆಂದು ಜೀವ ಎಳೆಯಿತು. ಮೂಲೆಯ ಆ ಬೆಳಕು ತಾನಾಗಿ ನಂದುವ ತನಕ ಕೈ ಮಡಿಲಲ್ಲಿಟ್ಟುಕೊಂಡು ಕೂತಳು. ಗುಡ್ಡ ಬಯಲಾಯಿತು. ಆಮೇಲೆ ಮೇಜಿನಡಿ ಬಗ್ಗಿ ಯಂತ್ರ ಆರಿಸಿದಳು. ವರ್ಷಗಟ್ಟಲೆ ಗೊರಗುಟ್ಟುತ್ತಿದ್ದ ಅದರ ಫ್ಯಾನು ನಿಧಾನವಾಗಿ ನಿಂತಿತು. ಕೋಣೆಯಲ್ಲಿ ಅಷ್ಟು ಮೌನವಿರುತ್ತದೆಂದು ಅವಳಿಗೆ ಮರೆತೇ ಹೋಗಿತ್ತು. ಮಲಗಿದ್ದವರು ಉಸಿರು ನಿಲ್ಲಿಸಿದ ಹಾಗೆ ಅನಿಸಿ, ಎದ್ದು ಕಿಟಕಿ ತೆರೆದಳು.

ವಾರ ಕಳೆದು, ಅವಳನ್ನು ಕ್ವಾರ್ಟರ್ಸಿಗೆ ಕರೆದೊಯ್ಯಲು ಲಾಂಡ್ರಿಯ ವ್ಯಾನು ಬಂತು. ಸಾಮಾನು ಹೆಚ್ಚೇನಿರಲಿಲ್ಲ. ಜೊತೆಗಾತಿಯೇ ಬಂದು ಮಂಚದ ಚಾದರದ ಎರಡು ಮೂಲೆ ಹಿಡಿದಳು. ಇಬ್ಬರೂ ಅಭ್ಯಾಸ ಬಲದಿಂದ ಎದುರುಬದುರು ನಡೆದು ಮಡಚಿದರು. ಕೊನೆಯ ಪೆಟ್ಟಿಗೆ ಇಳಿದ ಮೇಲೆ ಕೋಟೆಯಕ್ಕ ಒಬ್ಬಳೇ ಹೊಸಿಲ ಮೇಲೆ ನಿಂತಳು. ನಾಲಿಗೆಯ ತುದಿಗೆ 'ತಮ್ಮಾ' ಎಂಬ ಹಳೆಯ ಮಾತು ಬಂತು. ಆಡಲಿಲ್ಲ. ಕೀಲಿಯನ್ನು ಒಳಗಡೆಯ ಮೊಳೆಗೆ ತೂಗು ಹಾಕಿ ಮೆಟ್ಟಿಲಿಳಿದಳು.

ಕೆಳಗೆ ಅಜ್ಜಿ ಕತ್ತೆತ್ತಿ ನೋಡಿ ಕೇಳಿದರು: "ಯಾಕಮ್ಮ, ಬಾಗಿಲು ಹಾಕ್ಲೇ ಇಲ್ಲ?"

"ಇರ್ಲಿ ಬಿಡಿ ಅಜ್ಜಿ," ಎಂದಳು. "ಬರೋರು ಯಾರಾದ್ರೂ ಬರ್ಲಿ."

ವ್ಯಾನಿನ ಹಿಂದುಗಡೆ ಚಾದರದ ಗಂಟುಗಳ ನಡುವೆ ಜಾಗ ಮಾಡಿಕೊಂಡು ಕೂತಳು. ವ್ಯಾನು ತಿರುವಿನಲ್ಲಿ ಮರೆಯಾಗುವ ತನಕ ಮೂರನೇ ಮಹಡಿಯ ಬಾಗಿಲು ತೆರೆದೇ ಇತ್ತು.